ಕ್ಲೌಡ್ ಸರ್ವರ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಡ್ರೈವರ್ ಕೈಯಾರೆ ಹಾಕುವುದು: ಶುರುವಿನಿಂದ ಕೊನೆಯವರೆಗೆ

ಹೋದ ಮಳೆಗಾಲದ ಒಂದು ಬೆಳಗ್ಗೆ. ಪುಣೆಯ ಪಿಂಪಳೆ ಸೌದಾಗರ್‌ನಲ್ಲಿ ನಮ್ಮ ಕೆಳಗಿನ ಮಹಡಿಯ ಹುಡುಗ ಲ್ಯಾಪ್‌ಟಾಪ್ ತೆರೆದುಕೊಂಡೇ ಮೆಟ್ಟಿಲು ಹತ್ತಿ ಬಂದ. ಬಾಗಲಕೋಟೆ ಕಡೆಯವನು, ಹಿಂಜವಡಿಯಲ್ಲಿ ಕೆಲಸ. "ಅಕ್ಕಾ, ನಿನ್ನೆ ರಾತ್ರಿ ಮಟ ಛಲೋ ಇತ್ತು. ಮುಂಜಾನೆ ಎದ್ದು ನೋಡಿದ್ರ ಕಾರ್ಡೇ ಇಲ್ಲ ಅನ್ನಾಕತ್ತೈತಿ" ಅಂದ.

ಅವನ ಅಜ್ಜಿ ಹಾಡಿದ ಬೀಸುವ ಪದಗಳ ರೆಕಾರ್ಡಿಂಗ್ ಅವನ ಹತ್ತಿರ ಗಂಟೆಗಟ್ಟಲೆ ಇದೆ. ಅದನ್ನು ಅಕ್ಷರಕ್ಕೆ ಇಳಿಸಬೇಕು ಅಂತ ಬಾಡಿಗೆಗೆ ಒಂದು ಜಿಪಿಯು, ಅಂದರೆ ಗ್ರಾಫಿಕ್ಸ್ ಕಾರ್ಡ್ ಇರುವ ಸರ್ವರ್ ತಗೊಂಡು, ಮಾತನ್ನು ಅಕ್ಷರ ಮಾಡುವ ವಿಸ್ಪರ್ ಮಾಡೆಲ್ ಓಡಿಸುತ್ತಿದ್ದ. ಕಾರ್ಡನ್ನು ನಡೆಸುವ ಡ್ರೈವರ್ ತಾನೇ ಹಾಕಿದ್ದ. ನಾಲ್ಕು ದಿನ ಚೆನ್ನಾಗಿ ಓಡಿತ್ತು. ರಾತ್ರಿ ದುಡ್ಡು ಉಳಿಸಲು ಸರ್ವರ್ ನಿಲ್ಲಿಸಿ ಮಲಗಿದ್ದ. ಬೆಳಗ್ಗೆ ಶುರು ಮಾಡಿದರೆ ಡ್ರೈವರ್ ಸಿಗುತ್ತಿಲ್ಲ.

ಡ್ರೈವರ್ ಎಲ್ಲೂ ಹೋಗಿರಲಿಲ್ಲ. ಅದರ ಅಡಿಯಲ್ಲಿದ್ದ ಕರ್ನಲ್, ಅಂದರೆ ಸಿಸ್ಟಮ್‌ನ ತಿರುಳು, ಬದಲಾಗಿತ್ತು. ಲಿನಕ್ಸ್‌ನಲ್ಲಿ ಡ್ರೈವರ್ ಅಂದರೆ ಒಂದು ಕರ್ನಲ್‌ಗೆ ಅಳತೆ ತೆಗೆದು ಹೊಲಿದ ಅಂಗಿ. ಕರ್ನಲ್ ಬದಲಾದರೆ ಆ ಅಂಗಿ ಹಿಡಿಸುವುದಿಲ್ಲ, ಮತ್ತೆ ಹೊಲಿಯಬೇಕು. ಅವತ್ತು ಅವನ ಜೊತೆ ಕೂತು ಮೊದಲಿಂದ ಮಾಡಿದ ಕೆಲಸವನ್ನೇ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಉಬುಂಟು ಸರ್ವರ್ ಮತ್ತು ಎನ್‌ವಿಡಿಯಾ ಟಿ4 ಕಾರ್ಡ್ ಇಟ್ಟುಕೊಂಡಿದ್ದೇನೆ. ಬೇರೆ ಕಾರ್ಡ್‌ಗೂ ಕ್ರಮ ಇದೇ.

ಒಂದು ಮಾತು. ಕಮಾಂಡ್‌ಗಳನ್ನು ನಾವು ಬಾಯಲ್ಲಿ ಹೇಳುವಂತೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ.

ಯಂತ್ರ ಆರಿಸುವಾಗಲೇ ನೋಡಬೇಕಾದದ್ದು

ನಮ್ಮ ಕಡೆಯವರಿಗೆ ಸರ್ವರ್ ಹತ್ತಿರದಲ್ಲೇ ಸಿಗುತ್ತದೆ. ಅಮೆಜಾನ್‌ನ ಎಡಬ್ಲ್ಯೂಎಸ್ 2016ರಲ್ಲಿ ಮುಂಬಯಿಯಲ್ಲಿ ತನ್ನ ಕೇಂದ್ರ ತೆರೆಯಿತು, ಗೂಗಲ್ ಕ್ಲೌಡ್ 2017ರಲ್ಲಿ. ಮೈಕ್ರೋಸಾಫ್ಟ್ ಆಜೂರ್‌ನ 'ಸೆಂಟ್ರಲ್ ಇಂಡಿಯಾ' ಇರುವುದು ಪುಣೆಯಲ್ಲೇ. ಟರ್ಮಿನಲ್‌ನಲ್ಲಿ ಅಕ್ಷರ ಒತ್ತಿದ ತಕ್ಷಣ ಮೂಡಬೇಕು ಅಂದರೆ ಹತ್ತಿರದ ಕೇಂದ್ರವೇ ಒಳ್ಳೆಯದು.

ಹೊಸ ಖಾತೆಗೆ ಜಿಪಿಯು ಕೋಟಾ ಸಾಮಾನ್ಯವಾಗಿ ಸೊನ್ನೆ ಇರುತ್ತದೆ. ಮೊದಲು ಅದನ್ನು ಕೇಳಿ ಪಡೆಯಬೇಕು. ಎಡಬ್ಲ್ಯೂಎಸ್‌ನಲ್ಲಿ ಈ ಕೋಟಾವನ್ನು ಕಾರ್ಡ್ ಲೆಕ್ಕದಲ್ಲಿ ಕೊಡುವುದಿಲ್ಲ, ವಿಸಿಪಿಯು (ಯಂತ್ರದ ವರ್ಚುವಲ್ ಪ್ರೊಸೆಸರ್) ಲೆಕ್ಕದಲ್ಲಿ ಕೊಡುತ್ತಾರೆ. ಒಂದು ಟಿ4 ಇರುವ ಜಿ4ಡಿಎನ್ ಎಕ್ಸ್‌ಲಾರ್ಜ್‌ಗೆ 4 ವಿಸಿಪಿಯು ಬೇಕು. 'ಒಂದು ಕಾರ್ಡ್ ಸಾಕು' ಅಂತ 1 ಎಂದು ಬರೆದು ಕಳಿಸಿದರೆ ಮತ್ತೆ ಅರ್ಜಿ ಹಾಕಬೇಕಾಗುತ್ತದೆ.

ಡಿಸ್ಕ್ ದೊಡ್ಡದು ತಗೊಳ್ಳಿ. ಎಡಬ್ಲ್ಯೂಎಸ್‌ನ ಉಬುಂಟು ಇಮೇಜ್ (ಮೊದಲೇ ಸಿದ್ಧ ಮಾಡಿಟ್ಟ ಸಿಸ್ಟಮ್ ಪ್ರತಿ) 8 ಜಿಬಿ ಡಿಸ್ಕ್ ಜೊತೆ ಬರುತ್ತದೆ. ಡ್ರೈವರ್, ಮಾಡೆಲ್ ಓಡಿಸುವ ಪೈಟಾರ್ಚ್ ಲೈಬ್ರರಿ, ಮಾಡೆಲ್ ಇಷ್ಟೂ ಅದರಲ್ಲಿ ಹಿಡಿಸುವುದಿಲ್ಲ. 50 ಜಿಬಿ ಇಟ್ಟರೆ ನೆಮ್ಮದಿ.

ಇನ್ನೊಂದು ಮುಖ್ಯ ವಿಷಯ: ಕಾರ್ಡ್ ಪೂರ್ತಿ ನಿಮ್ಮದೋ, ಪಾಲು ಮಾಡಿದ್ದೋ? ಆಜೂರ್‌ನಲ್ಲಿ ಎ10 ಕಾರ್ಡನ್ನು ಆರರಲ್ಲಿ ಒಂದು ಪಾಲಿನಷ್ಟು ಚಿಕ್ಕದಾಗಿಯೂ ಬಾಡಿಗೆಗೆ ಕೊಡುತ್ತಾರೆ. ಅಂಥ ಪಾಲಿನ ಕಾರ್ಡ್‌ಗೆ ಎನ್‌ವಿಡಿಯಾ ಸೈಟ್‌ನ ಮಾಮೂಲಿ ಡ್ರೈವರ್ ನಡೆಯುವುದಿಲ್ಲ. ಅದಕ್ಕೆ ಗ್ರಿಡ್ ಡ್ರೈವರ್ ಬೇಕು, ಅದನ್ನು ಆಯಾ ಕ್ಲೌಡ್‌ನವರ ಪುಟದಿಂದಲೇ ಇಳಿಸಿಕೊಳ್ಳಬೇಕು. ಇಲ್ಲಿ ಹೇಳುವ ಕ್ರಮ ಪೂರ್ತಿ ಕಾರ್ಡ್ ಇರುವ ಯಂತ್ರಕ್ಕೆ.

ಒಳಗೆ ಹೋದ ಕೂಡಲೇ

ಲಾಗಿನ್ ಆದ ತಕ್ಷಣ ಟೀಮಕ್ಸ್ (ಇಂಗ್ಲಿಷಿನಲ್ಲಿ ಟಿ, ಎಂ, ಯು, ಎಕ್ಸ್) ಶುರು ಮಾಡಿ. ಪುಣೆಯಲ್ಲಿ ಗುರುವಾರ ದುರಸ್ತಿಗೆ ಅಂತ ಕರೆಂಟ್ ತೆಗೆಯುವುದು ಎಲ್ಲರಿಗೂ ಗೊತ್ತು. ವೈಫೈ ಹೋಗಿ ಸಂಪರ್ಕ ಕಡಿದರೆ, ಇನ್‌ಸ್ಟಾಲ್ ನಡುವೆಯೇ ನಿಂತುಬಿಡುತ್ತದೆ. ಟೀಮಕ್ಸ್ ಒಳಗಿದ್ದರೆ ಕೆಲಸ ಸರ್ವರ್‌ನಲ್ಲಿ ಮುಂದುವರಿಯುತ್ತದೆ. ಕರೆಂಟ್ ಬಂದ ಮೇಲೆ 'ಟೀಮಕ್ಸ್ ಅಟ್ಯಾಚ್' ಕೊಟ್ಟರೆ ಬಿಟ್ಟಲ್ಲಿಂದಲೇ ಸಿಗುತ್ತದೆ.

ಈಗ ಕಾರ್ಡ್ ಕಾಣುತ್ತಿದೆಯಾ ನೋಡಿ:

ಎಲ್‌ಎಸ್‌ಪಿಸಿಐ | ಗ್ರೆಪ್ -ಐ ಎನ್‌ವಿಡಿಯಾ

'3ಡಿ ಕಂಟ್ರೋಲರ್' ಅಂತ ಶುರುವಾಗಿ, ಕೊನೆಯಲ್ಲಿ 'ಟೆಸ್ಲಾ ಟಿ4' ಅಂತ ಇರುವ ಸಾಲು ಬಂದರೆ ಸರಿ. ಏನೂ ಬರದಿದ್ದರೆ ಅಲ್ಲಿಗೇ ನಿಲ್ಲಿಸಿ. ಆ ಯಂತ್ರಕ್ಕೆ ಕಾರ್ಡ್ ಸೇರಿಸಿಯೇ ಇಲ್ಲ, ಇಲ್ಲವೇ ನೀವು ಆರಿಸಿದ ಯಂತ್ರದ ಬಗೆ ತಪ್ಪಿದೆ. ಡ್ರೈವರ್ ಹಾಕಿ ಏನೂ ಪ್ರಯೋಜನ ಇಲ್ಲ.

ಆಮೇಲೆ ಸೆಕ್ಯೂರ್ ಬೂಟ್:

ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್

ಇದು 'ಎನೇಬಲ್ಡ್' ಅಂತ ಹೇಳಿದರೆ ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಆಜೂರ್‌ನಲ್ಲಿ 'ಟ್ರಸ್ಟೆಡ್ ಲಾಂಚ್' ಯಂತ್ರ ಆರಿಸಿದಾಗ ಹೀಗಾಗುತ್ತದೆ. ಮನೆಯ ಕಂಪ್ಯೂಟರ್ ಆದರೆ ಬೂಟ್ ಆಗುವಾಗ ನೀಲಿ ಪರದೆಯಲ್ಲಿ ಕೀ ಒಪ್ಪಿಸಬಹುದು. ಕ್ಲೌಡ್‌ನಲ್ಲಿ ಆ ಪರದೆಯ ಮುಂದೆ ಕೂರುವುದೇ ಕಷ್ಟ. ಯಂತ್ರವನ್ನು ನಿಲ್ಲಿಸಿ, ಸೆಟ್ಟಿಂಗ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡುವುದು ಸುಲಭದ ದಾರಿ. ಆಫೀಸಿನ ನಿಯಮದಂತೆ ಆಫ್ ಮಾಡುವ ಹಾಗಿಲ್ಲ ಅಂದರೆ ಕೆಳಗೆ ಹೇಳುವ ಪ್ಯಾಕೇಜ್ ದಾರಿ ಹಿಡಿಯಿರಿ.

ತಯಾರಿ

ಇಲ್ಲಿ ಜನ ಅವಸರ ಮಾಡುತ್ತಾರೆ, ಮುಂದಿನ ತೊಂದರೆ ಮುಕ್ಕಾಲು ಪಾಲು ಇಲ್ಲೇ ಹುಟ್ಟುತ್ತದೆ. ಮೊದಲು ಸಿಸ್ಟಮ್ ಅಪ್‌ಡೇಟ್ ಮಾಡಿ:

ಸುಡೋ ಆಪ್ಟ್ ಅಪ್‌ಡೇಟ್
ಸುಡೋ ಆಪ್ಟ್ ಅಪ್‌ಗ್ರೇಡ್ -ವೈ
ಸುಡೋ ರೀಬೂಟ್

ಆ ರೀಬೂಟ್ ಬಿಡಬೇಡಿ. ಅಪ್‌ಗ್ರೇಡ್‌ನಲ್ಲಿ ಹೊಸ ಕರ್ನಲ್ ಬಂದಿದ್ದರೆ ಅದು ಡಿಸ್ಕ್‌ನಲ್ಲಿ ಸುಮ್ನೆ ಕೂತಿರುತ್ತದೆ. ಓಡುತ್ತಿರುವುದು ಹಳೆಯದೇ. ಈಗ ಡ್ರೈವರ್ ಹಾಕಿದರೆ ಹಳೆಯ ಕರ್ನಲ್‌ಗೆ ಅಳತೆ ತೆಗೆದಂತಾಗುತ್ತದೆ.

ರೀಬೂಟ್ ಆದ ಮೇಲೆ ಕರ್ನಲ್ ಹೆಸರು ನೋಡಿ:

ಯುನೇಮ್ -ಆರ್

6.8.0 ತರದ ನಂಬರಿನಿಂದ ಶುರುವಾಗಿ 'ಎಡಬ್ಲ್ಯೂಎಸ್' ಅಂತಲೋ 'ಜಿಸಿಪಿ' ಅಂತಲೋ ಮುಗಿಯುವ ಒಂದು ಹೆಸರು ಬರುತ್ತದೆ. ಕ್ಲೌಡ್‌ಗಳಿಗೆ ಉಬುಂಟು ಬೇರೆ ಬೇರೆ ಕರ್ನಲ್ ಕೊಡುತ್ತದೆ, ಕೊನೆಯ ಆ ಪದವೇ ಗುರುತು. ಈ ಹೆಸರನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ.

ಇನ್ನು ಹೊಲಿಗೆಯ ಸಾಮಾನು:

ಸುಡೋ ಆಪ್ಟ್ ಇನ್‌ಸ್ಟಾಲ್ -ವೈ ಬಿಲ್ಡ್-ಎಸೆನ್ಷಿಯಲ್ ಡಿಕೆಎಂಎಸ್ ಲಿನಕ್ಸ್-ಹೆಡರ್ಸ್-ಎಡಬ್ಲ್ಯೂಎಸ್

ಡಿಕೆಎಂಎಸ್ ಅಂದರೆ ಕರ್ನಲ್ ಬದಲಾದಾಗ ಡ್ರೈವರನ್ನು ತಾನಾಗಿ ಮತ್ತೆ ಕಟ್ಟುವ ಸಾಧನ, ಹೆಡರ್ಸ್ ಅಂದರೆ ಹಾಗೆ ಕಟ್ಟಲು ಬೇಕಾದ ಆ ಕರ್ನಲ್‌ನ ಅಳತೆಯ ಫೈಲ್‌ಗಳು. ಕೊನೆಯ ಪದವನ್ನು ನಿಮ್ಮ ಕ್ಲೌಡ್‌ಗೆ ತಕ್ಕಂತೆ ಬದಲಿಸಿ. ಬಹಳ ಕಡೆ ಹೆಡರ್ಸ್ ಮುಂದೆ ಕರ್ನಲ್‌ನ ಪೂರ್ತಿ ನಂಬರ್ ಸೇರಿಸಿ ಹಾಕಲು ಹೇಳುತ್ತಾರೆ. ಇವತ್ತಿನ ಮಟ್ಟಿಗೆ ಅದೂ ಸರಿಯೇ. ಆದರೆ ನಂಬರ್ ಇಲ್ಲದ ಹೆಸರು ಹಾಕಿದರೆ, ಮುಂದೆ ಕರ್ನಲ್ ಬದಲಾದಾಗ ಅದಕ್ಕೆ ಬೇಕಾದ ಹೆಡರ್ಸ್ ತಾನಾಗಿ ಬರುತ್ತದೆ. ಯಾವ ಇಮೇಜ್ ಆದರೂ ನಾನು ಹಾಗೇ ಹಾಕುತ್ತೇನೆ.

ಕಾರ್ಡನ್ನು ನೂವೋ ಎಂಬ ತೆರೆದ ಡ್ರೈವರ್ ಮೊದಲೇ ಹಿಡಿದುಕೊಂಡಿರಬಹುದು. 'ಎಲ್‌ಎಸ್‌ಮಾಡ್ | ಗ್ರೆಪ್ ನೂವೋ' ಅಂತ ಕೇಳಿ. ನೂವೋ ಇಂಗ್ಲಿಷಿನಲ್ಲಿ ಎನ್, ಒ, ಯು, ವಿ, ಇ, ಎ, ಯು. ಕೆಲವು ಕ್ಲೌಡ್ ಇಮೇಜ್‌ಗಳಲ್ಲಿ ಅದು ಇರುವುದೇ ಇಲ್ಲ. ಏನೂ ಬರದಿದ್ದರೆ ಮುಂದೆ ಹೋಗಿ. ಬಂದರೆ, /ಇಟಿಸಿ/ಮಾಡ್‌ಪ್ರೋಬ್.ಡಿ/ ಒಳಗೆ ಬ್ಲ್ಯಾಕ್‌ಲಿಸ್ಟ್-ನೂವೋ.ಕಾನ್ಫ್ ಅಂತ ಒಂದು ಫೈಲ್ ಮಾಡಿ ಈ ಎರಡು ಸಾಲು ಬರೆಯಿರಿ:

ಬ್ಲ್ಯಾಕ್‌ಲಿಸ್ಟ್ ನೂವೋ
ಆಪ್ಷನ್ಸ್ ನೂವೋ ಮೋಡ್‌ಸೆಟ್=0

ಆಮೇಲೆ 'ಸುಡೋ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು' ಕೊಟ್ಟು ಮತ್ತೊಮ್ಮೆ ರೀಬೂಟ್.

ಯಾವ ಡ್ರೈವರ್, ಯಾವ ದಾರಿ

ಕೈಯಾರೆ ಹಾಕಲು ಎರಡು ದಾರಿ ಇವೆ. ಒಂದು, ಉಬುಂಟು ಪ್ಯಾಕೇಜ್. 'ಸುಡೋ ಉಬುಂಟು-ಡ್ರೈವರ್ಸ್ ಲಿಸ್ಟ್ --ಜಿಪಿಜಿಪಿಯು' ಅಂದರೆ ನಿಮ್ಮ ಕಾರ್ಡ್‌ಗೆ ಹೊಂದುವ ಪಟ್ಟಿ ಬರುತ್ತದೆ. ಅದರಲ್ಲಿ 'ಸರ್ವರ್' ಅಂತ ಮುಗಿಯುವುದನ್ನು ಆರಿಸಿ ಆಪ್ಟ್ ಮೂಲಕ ಹಾಕಬಹುದು. ಕರ್ನಲ್‌ಗೆ ತಕ್ಕಂತೆ ಮೊದಲೇ ಕಟ್ಟಿ ಸಹಿ ಹಾಕಿದ ಮಾಡ್ಯೂಲ್ (ಡ್ರೈವರ್‌ನ ಕರ್ನಲ್ ಒಳಗಿನ ಭಾಗ) ಪ್ಯಾಕೇಜ್‌ಗಳೂ ಉಬುಂಟುವಿನಲ್ಲಿವೆ. ಸೆಕ್ಯೂರ್ ಬೂಟ್ ಆನ್ ಇದ್ದವರಿಗೆ ಅವೇ ದಾರಿ.

ಎರಡನೆಯದು, ಎನ್‌ವಿಡಿಯಾ ಸೈಟ್‌ನಿಂದ ಇಳಿಸುವ ರನ್ ಫೈಲ್. ನಿಮಗೆ ಇಂಥದ್ದೇ ಆವೃತ್ತಿ ಬೇಕು ಅಂದಾಗ, ಇಲ್ಲವೇ ಪ್ಯಾಕೇಜ್‌ನಲ್ಲಿ ಅದು ಸಿಗದಾಗ ಇದನ್ನು ಬಳಸುತ್ತೇವೆ. ವರ್ಷಗಟ್ಟಲೆ ಓಡಬೇಕಾದ ಸರ್ವರ್‌ಗೆ ನನ್ನ ಮತ ಪ್ಯಾಕೇಜ್‌ಗೆ. ಆದರೆ ರನ್ ಫೈಲ್ ದಾರಿಯಲ್ಲಿ ಒಂದು ಸಲ ಪೂರ್ತಿ ಹೋಗಿ ಬನ್ನಿ. ಒಳಗೆ ಏನೇನು ನಡೆಯುತ್ತದೆ ಅಂತ ಕಣ್ಣಿಗೆ ಕಾಣುತ್ತದೆ, ಕೆಟ್ಟಾಗ ಎಲ್ಲಿ ಕೈ ಹಾಕಬೇಕು ಅಂತ ಗೊತ್ತಾಗುತ್ತದೆ.

ಎರಡನ್ನೂ ಬೆರೆಸಬೇಡಿ. ಪ್ಯಾಕೇಜ್ ಹಾಕಿದ ಯಂತ್ರದ ಮೇಲೆ ರನ್ ಫೈಲ್ ಓಡಿಸಿದರೆ ಕರ್ನಲ್ ಒಳಗಿನ ಭಾಗ ಒಂದು ಆವೃತ್ತಿ, ಹೊರಗಿನ ಲೈಬ್ರರಿ ಇನ್ನೊಂದು ಆವೃತ್ತಿ ಆಗುತ್ತದೆ. ಮೊದಲಿನದನ್ನು ಪೂರ್ತಿ ತೆಗೆದೇ ಎರಡನೆಯದು ಹಾಕಿ.

ಆವೃತ್ತಿ ಆರಿಸುವುದು ಹೇಗೆ? ಹಿಂದಿನಿಂದ ಲೆಕ್ಕ ಹಾಕಿ. ನಿಮ್ಮ ಪ್ರೋಗ್ರಾಂಗೆ ಯಾವ ಕ್ಯೂಡಾ (ಕಾರ್ಡ್ ಮೇಲೆ ಲೆಕ್ಕ ಮಾಡಿಸುವ ಎನ್‌ವಿಡಿಯಾ ಸಾಫ್ಟ್‌ವೇರ್) ಬೇಕು, ಆ ಕ್ಯೂಡಾಗೆ ಕನಿಷ್ಠ ಯಾವ ಡ್ರೈವರ್ ಬೇಕು? ಲಿನಕ್ಸ್‌ನಲ್ಲಿ ಕ್ಯೂಡಾ 12ರ ಸಾಲಿಗೆ ಕನಿಷ್ಠ 525.60.13 ಬೇಕು. ಕ್ಯೂಡಾ 13ಕ್ಕೆ 580ರ ಸಾಲು. ಹೊಸ ಡ್ರೈವರ್ ಹಳೆಯ ಕ್ಯೂಡಾವನ್ನು ಓಡಿಸುತ್ತದೆ, ಹಾಗಾಗಿ ಸ್ವಲ್ಪ ಹೊಸದನ್ನೇ ತಗೊಳ್ಳಬಹುದು. ಕಾರ್ಡ್ ಹಳೆಯದಾದರೆ ಮಾತ್ರ ಎಚ್ಚರ: ವಿ100 ಇರುವ ಯಂತ್ರಗಳಿಗೆ 580ರ ಸಾಲೇ ಕೊನೆ. ಟಿ4 2018ರ ಕಾರ್ಡ್, ಅದಕ್ಕೆ ಆ ಮಿತಿ ಇಲ್ಲ.

ರನ್ ಫೈಲ್ ಓಡಿಸುವುದು

ಎನ್‌ವಿಡಿಯಾ ಡ್ರೈವರ್ ಪುಟದಲ್ಲಿ ಡೇಟಾ ಸೆಂಟರ್ ವಿಭಾಗ, ಟಿ ಸೀರೀಸ್, ಟಿ4, ಲಿನಕ್ಸ್ 64 ಬಿಟ್ ಅಂತ ಆರಿಸಿ. ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿ ಮತ್ತೆ ಮೇಲೇರಿಸಬೇಡಿ. ಕೆಲವು ನೂರು ಎಂಬಿ ಇರುತ್ತದೆ, ಮನೆಯ ನೆಟ್‌ನಲ್ಲಿ ಜೀವ ತಿನ್ನುತ್ತದೆ. ಲಿಂಕ್ ಕಾಪಿ ಮಾಡಿ, ಸರ್ವರ್‌ನಲ್ಲೇ ಡಬ್ಲ್ಯೂಗೆಟ್ ಕೊಡಿ. ಇಳಿಸಿದ ಮೇಲೆ ಫೈಲ್ ಸರಿಯಾಗಿದೆಯಾ ನೋಡಿ:

ಎಸ್‌ಎಚ್ ಫೈಲ್‌ಹೆಸರು.ರನ್ --ಚೆಕ್

ಫೈಲ್‌ಹೆಸರು ಉದ್ದ, ಅದರಲ್ಲಿ ದೊಡ್ಡ ಅಕ್ಷರಗಳೂ ಇವೆ. ಮೊದಲ ಎರಡಕ್ಷರ ಹೊಡೆದು ಟ್ಯಾಬ್ ಒತ್ತಿದರೆ ತಾನೇ ತುಂಬಿಕೊಳ್ಳುತ್ತದೆ. ಆಮೇಲೆ:

ಸುಡೋ ಎಸ್‌ಎಚ್ ಫೈಲ್‌ಹೆಸರು.ರನ್ --ಡಿಕೆಎಂಎಸ್

ಪಠ್ಯದ ಪರದೆಯಲ್ಲಿ ಪ್ರಶ್ನೆಗಳು ಬರುತ್ತವೆ. ಹೊಸ ಆವೃತ್ತಿಗಳು ಮಾಡ್ಯೂಲ್ ಎನ್‌ವಿಡಿಯಾದ ಸ್ವಂತದ್ದು ಬೇಕಾ, ತೆರೆದ ಪರವಾನಗಿಯದ್ದು ಬೇಕಾ ಅಂತ ಕೇಳುತ್ತವೆ. ಟಿ4ಗೆ ಎರಡೂ ಆಗುತ್ತದೆ. ವಿ100ಗೆ ಮೊದಲನೆಯದೇ ಬೇಕು, ಬ್ಲ್ಯಾಕ್‌ವೆಲ್ ಕಾರ್ಡ್‌ಗಳಿಗೆ ಎರಡನೆಯದೇ. 32 ಬಿಟ್ ಲೈಬ್ರರಿ ಬೇಕಾ ಅಂದರೆ ಬೇಡ ಅನ್ನಿ. ಎಕ್ಸ್ ಸರ್ವರ್ ಬಗ್ಗೆ ಎಚ್ಚರಿಕೆ ಬಂದರೆ ಓಕೆ ಒತ್ತಿ ಮುಂದೆ ಹೋಗಿ, ನಮ್ಮ ಸರ್ವರ್‌ಗೆ ಪರದೆಯೇ ಇಲ್ಲವಲ್ಲ. ಎಕ್ಸ್‌ಕಾನ್ಫಿಗ್ ಕೇಳಿದರೂ ಬೇಡ.

ನಮ್ಮ ಹುಡುಗನಿಗೆ ಇಲ್ಲೇ ಇನ್ನೊಂದು ಕಲ್ಲು ಸಿಕ್ಕಿತು. ಅವನದು ಉಬುಂಟು 22.04. ಮಾಡ್ಯೂಲ್ ಕಟ್ಟುವ ಪಟ್ಟಿ ಅರ್ಧಕ್ಕೆ ಬಂದು ನಿಂತಿತು, ಕೆಳಗೆ ಕೆಂಪು ಪೆಟ್ಟಿಗೆ. "ಮತ್ತೊಮ್ಮೆ ಓಡಿಸ್ಲೇನ್ರಿ?" ಅಂದ. ಬೇಡ ಅಂದೆ. ಮೊದಲು ಲಾಗ್ ಓದಬೇಕು. /ವಾರ್/ಲಾಗ್/ ಒಳಗೆ ಎನ್‌ವಿಡಿಯಾ-ಇನ್‌ಸ್ಟಾಲರ್.ಲಾಗ್ ಅಂತ ಇರುತ್ತದೆ. ಅದನ್ನು ಕೊನೆಯಿಂದ ಮೇಲಕ್ಕೆ ಓದಿಕೊಂಡು ಹೋದೆವು. ಕೊನೆಯ ಹತ್ತಾರು ಸಾಲು ಬರೀ ಗೋಳು, ಏನೂ ಗೊತ್ತಾಗುವುದಿಲ್ಲ. ಇನ್ನಷ್ಟು ಮೇಲೆ ಹೋದಾಗ, ಮಾಡ್ಯೂಲ್ ಕಟ್ಟುವ ಕಂಪೈಲರ್ ಆದ ಜಿಸಿಸಿ 'ಎಫ್‌ಟ್ರಿವಿಯಲ್-ಆಟೋ-ವಾರ್-ಇನಿಟ್' ಎಂಬ ಆಯ್ಕೆ ತನಗೆ ಗೊತ್ತಿಲ್ಲ ಅಂತ ಹೇಳಿದ ಸಾಲು ಸಿಕ್ಕಿತು.

ಅರ್ಥ ಇಷ್ಟು. ಕರ್ನಲನ್ನು ಜಿಸಿಸಿ 12ರಲ್ಲಿ ಕಟ್ಟಿದ್ದಾರೆ. ಉಬುಂಟು 22.04ರಲ್ಲಿ ತಾನಾಗಿ ಬರುವುದು ಜಿಸಿಸಿ 11. ಕರ್ನಲ್ ಕೇಳುವ ಆಯ್ಕೆ 11ಕ್ಕೆ ಅರ್ಥವಾಗುವುದಿಲ್ಲ. 'ಕ್ಯಾಟ್ /ಪ್ರೋಕ್/ವರ್ಷನ್' ಕೊಟ್ಟರೆ ಕರ್ನಲ್ ಯಾವ ಜಿಸಿಸಿಯಲ್ಲಿ ಕಟ್ಟಿದ್ದು ಅಂತ ಕಾಣುತ್ತದೆ, 'ಜಿಸಿಸಿ --ವರ್ಷನ್' ಕೊಟ್ಟರೆ ನಿಮ್ಮಲ್ಲಿರುವುದು. ಎರಡೂ ಬೇರೆ ಇದ್ದರೆ:

ಸುಡೋ ಆಪ್ಟ್ ಇನ್‌ಸ್ಟಾಲ್ ಜಿಸಿಸಿ-12
ಸುಡೋ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ಇನ್‌ಸ್ಟಾಲ್ /ಯುಎಸ್ಆರ್/ಬಿನ್/ಜಿಸಿಸಿ ಜಿಸಿಸಿ /ಯುಎಸ್ಆರ್/ಬಿನ್/ಜಿಸಿಸಿ-12 100

ಇನ್ನು ಮುಂದೆ ಜಿಸಿಸಿ ಅಂದರೆ 12. ರನ್ ಫೈಲ್ ಮತ್ತೆ ಓಡಿಸಿದೆವು, ಈ ಸಲ ತಡೆಯಿಲ್ಲದೆ ಮುಗಿಯಿತು.

ಬಂತಾ?

ಎನ್‌ವಿಡಿಯಾ-ಎಸ್‌ಎಂಐ

ಚೌಕದ ಪಟ್ಟಿ ಬಂದರೆ ಕಾರ್ಡ್ ಮಾತಾಡುತ್ತಿದೆ ಅಂತ. ಟಿ4 ಹೆಸರು, ಬಿಸಿ ಎಷ್ಟು, 70 ವ್ಯಾಟ್ ಮಿತಿಯಲ್ಲಿ ಈಗ ಎಷ್ಟು ಬಳಕೆ, 15360 ಎಂಐಬಿ ಮೆಮೊರಿಯಲ್ಲಿ ಎಷ್ಟು ತುಂಬಿದೆ, ಎಲ್ಲ ಇರುತ್ತದೆ. 16 ಜಿಬಿ ಕಾರ್ಡ್‌ಗೆ ಸ್ವಲ್ಪ ಕಡಿಮೆ ತೋರಿಸುವುದು ಸಹಜ. ಇಸಿಸಿ ಎಂಬ ದೋಷ ತಿದ್ದುವ ವ್ಯವಸ್ಥೆ ಒಂದು ಪಾಲು ತಗೊಳ್ಳುತ್ತದೆ.

ಮೇಲಿನ ಸಾಲಿನಲ್ಲಿ ಕ್ಯೂಡಾ ಆವೃತ್ತಿ ಅಂತಲೂ ಇದೆ. ತುಂಬಾ ಜನ ಇದನ್ನು ತಪ್ಪು ತಿಳಿಯುತ್ತಾರೆ. ಈ ಡ್ರೈವರ್ ಎಲ್ಲಿಯವರೆಗಿನ ಕ್ಯೂಡಾ ಓಡಿಸಬಲ್ಲದು ಅಂತ ಮಾತ್ರ ಅದು ಹೇಳುತ್ತದೆ. ಕ್ಯೂಡಾ ಟೂಲ್‌ಕಿಟ್ ಯಂತ್ರದಲ್ಲಿ ಇದೆ ಅಂತ ಅರ್ಥ ಅಲ್ಲ. ಬರೀ ಪೈಟಾರ್ಚ್ ಬಳಸುವವರಿಗೆ ಟೂಲ್‌ಕಿಟ್ ಬೇರೆಯಾಗಿ ಬೇಡವೇ ಬೇಡ. ಪಿಪ್‌ನಿಂದ ಹಾಕುವ ಪೈಟಾರ್ಚ್ ತನಗೆ ಬೇಕಾದ ಕ್ಯೂಡಾ ಲೈಬ್ರರಿಗಳನ್ನು ಜೊತೆಗೇ ತರುತ್ತದೆ. ಪೈಥಾನ್‌ನಲ್ಲಿ ಟಾರ್ಚ್ ಇಂಪೋರ್ಟ್ ಮಾಡಿ, ಟಾರ್ಚ್.ಕ್ಯೂಡಾ.ಈಸ್_ಅವೈಲಬಲ್() ಕೇಳಿ. ಟ್ರೂ ಅಂದರೆ ಆಯಿತು.

ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ನಡುವೆ ಡ್ರೈವರ್ ಕಾರ್ಡನ್ನು ಬಿಟ್ಟು ಮತ್ತೆ ಎಬ್ಬಿಸುತ್ತದೆ, ಅದಕ್ಕೆ ಪ್ರತಿ ಸಲ ಹೊತ್ತು ಹಿಡಿಯುತ್ತದೆ. 'ಸುಡೋ ಎನ್‌ವಿಡಿಯಾ-ಎಸ್‌ಎಂಐ -ಪಿಎಂ 1' ಕೊಟ್ಟರೆ ಎಚ್ಚರವಾಗಿಯೇ ಇರುತ್ತದೆ. ರೀಬೂಟ್ ಆದರೆ ಮತ್ತೆ ಕೊಡಬೇಕು.

ನಾಳೆ ಬೆಳಗ್ಗೆಯೂ ಇರಬೇಕಲ್ಲ

ಈಗ ಆ ಹುಡುಗನಿಗೆ ನಿಜವಾಗಿ ಏನಾಗಿತ್ತು ನೋಡೋಣ. ಉಬುಂಟುವಿನಲ್ಲಿ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಎಂಬ ಸೇವೆ ಇದೆ. ಭದ್ರತೆಯ ಅಪ್‌ಡೇಟ್‌ಗಳನ್ನು ಅದು ಕೇಳದೆಯೇ ಹಾಕುತ್ತದೆ, ಹೊಸ ಕರ್ನಲ್ ಕೂಡ. ಆದರೆ ತಾನಾಗಿ ರೀಬೂಟ್ ಮಾಡುವುದಿಲ್ಲ. ಹಾಗಾಗಿ ಹಗಲೆಲ್ಲ ಹಳೆಯ ಕರ್ನಲ್ ಮೇಲೆ ಕೆಲಸ ಸುಗಮ. ರಾತ್ರಿ ಸರ್ವರ್ ನಿಲ್ಲಿಸಿ ಬೆಳಗ್ಗೆ ಶುರು ಮಾಡಿದ ಕೂಡಲೇ ಹೊಸ ಕರ್ನಲ್ ಮೇಲೇಳುತ್ತದೆ. ಬಾಡಿಗೆ ಉಳಿಸಲು ದಿನಾ ನಿಲ್ಲಿಸುವವರಿಗೆ ಇದು ಬೇಗ ತಾಗುತ್ತದೆ. ಅವನು ಮೊದಲ ಸಲ ಡಿಕೆಎಂಎಸ್ ಇಲ್ಲದೆ ಡ್ರೈವರ್ ಹಾಕಿದ್ದ.

ಡಿಕೆಎಂಎಸ್ ಮಾಡುವುದು ಒಂದೇ ಕೆಲಸ: ಹೊಸ ಕರ್ನಲ್ ಬಂದಾಗಲೆಲ್ಲ ಅದಕ್ಕೆ ಅಳತೆ ತೆಗೆದು ಡ್ರೈವರನ್ನು ಮತ್ತೆ ಕಟ್ಟುತ್ತದೆ. ಸರಿಯಾಗಿ ಸೇರಿದೆಯಾ ಅಂತ 'ಡಿಕೆಎಂಎಸ್ ಸ್ಟೇಟಸ್' ಕೇಳಿ. ಎನ್‌ವಿಡಿಯಾ, ಆವೃತ್ತಿ, ಕರ್ನಲ್ ಹೆಸರು, ಕೊನೆಗೆ 'ಇನ್‌ಸ್ಟಾಲ್ಡ್' ಅಂತ ಒಂದೇ ಸಾಲಿನಲ್ಲಿ ಬರಬೇಕು.

ಕರ್ನಲ್ ಬದಲಾಗುವುದೇ ಬೇಡ ಅಂತ 'ಆಪ್ಟ್-ಮಾರ್ಕ್ ಹೋಲ್ಡ್' ಹಾಕುವವರಿದ್ದಾರೆ. ವಾರಗಟ್ಟಲೆ ನಡೆಯುವ ತರಬೇತಿ ಓಟವಿದ್ದರೆ ನಾನೂ ಹಾಕುತ್ತೇನೆ. ಆದರೆ ಮರೆತು ಬಿಟ್ಟರೆ ಭದ್ರತೆಯ ತಿದ್ದುಪಡಿಯೂ ಬರುವುದಿಲ್ಲ. ಇಂಟರ್‌ನೆಟ್‌ಗೆ ತೆರೆದಿರುವ ಯಂತ್ರದಲ್ಲಿ ಅದು ಒಳ್ಳೆಯದಲ್ಲ. ಕೆಲಸ ಮುಗಿದ ದಿನವೇ 'ಅನ್‌ಹೋಲ್ಡ್' ಮಾಡಿ.

ಕಡೆಯದಾಗಿ, ಯಂತ್ರವನ್ನು ಪೂರ್ತಿ ನಿಲ್ಲಿಸಿ ಶುರು ಮಾಡಿ. ಬರೀ ರೀಬೂಟ್ ಸಾಲದು, ನೀವು ದಿನಾ ಮಾಡುವುದು ನಿಲ್ಲಿಸಿ ಶುರು ಮಾಡುವುದೇ ಅಲ್ವಾ? ಎಡಬ್ಲ್ಯೂಎಸ್‌ನಲ್ಲಿ ಹೀಗೆ ಮಾಡಿದಾಗ ಹೊರಗಿನ ಐಪಿ ವಿಳಾಸ ಬದಲಾಗುತ್ತದೆ, ಗಾಬರಿ ಬೇಡ. ಎನ್‌ವಿಡಿಯಾ-ಎಸ್‌ಎಂಐ ಮತ್ತೆ ಅದೇ ಚೌಕ ತೋರಿಸಬೇಕು.

ಕೆಟ್ಟಾಗ ಬರುವ ಮಾತುಗಳು

ಎನ್‌ವಿಡಿಯಾ-ಎಸ್‌ಎಂಐ ಡ್ರೈವರ್ ಜೊತೆ ಮಾತಾಡಲು ಆಗಲಿಲ್ಲ ಅಂದರೆ, ಮೊದಲು ಯುನೇಮ್ ಕೊಟ್ಟು ಬರೆದಿಟ್ಟ ಹೆಸರಿನ ಜೊತೆ ಹೋಲಿಸಿ. ಬೇರೆ ಇದ್ದರೆ ಹೊಸ ಕರ್ನಲ್‌ಗೆ ಹೆಡರ್ಸ್ ಹಾಕಿ, 'ಸುಡೋ ಡಿಕೆಎಂಎಸ್ ಆಟೋಇನ್‌ಸ್ಟಾಲ್' ಕೊಟ್ಟು, 'ಸುಡೋ ಮಾಡ್‌ಪ್ರೋಬ್ ಎನ್‌ವಿಡಿಯಾ' ಮಾಡಿ.

'ಡ್ರೈವರ್/ಲೈಬ್ರರಿ ವರ್ಷನ್ ಮಿಸ್‌ಮ್ಯಾಚ್' ಅಂದರೆ ಡ್ರೈವರ್ ಅಪ್‌ಡೇಟ್ ಆಗಿದೆ, ಹಳೆಯ ಮಾಡ್ಯೂಲ್ ಇನ್ನೂ ಮೆಮೊರಿಯಲ್ಲಿದೆ. ಸಾಮಾನ್ಯವಾಗಿ ಒಂದು ರೀಬೂಟ್ ಸಾಕು. ಆಮೇಲೂ ಬಂದರೆ ಎರಡು ದಾರಿ ಬೆರೆತಿವೆ ಅಂತ ತಿಳಿಯಿರಿ.

'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಅಂದರೆ ಸೆಕ್ಯೂರ್ ಬೂಟ್. ಬೇರೆ ಏನೇ ಬಂದರೂ 'ಸುಡೋ ಡಿಮೆಸ್ಗ್ | ಗ್ರೆಪ್ -ಐ ಎನ್‌ವಿಆರ್‌ಎಂ' ಕೊಡಿ. ಕಾರ್ಡ್ ಬಗ್ಗೆ ಕರ್ನಲ್ ಏನು ಹೇಳುತ್ತಿದೆ ಅಂತ ಅಲ್ಲಿ ಸಿಗುತ್ತದೆ.

ಎಲ್ಲ ಸರಿ ಹೋದ ಮೇಲೆ ಆ ಯಂತ್ರದ ಇಮೇಜ್ ತೆಗೆದಿಡಿ. ಮುಂದಿನ ಸಲ ಅದರಿಂದಲೇ ಹೊಸ ಯಂತ್ರ ಎಬ್ಬಿಸಬಹುದು. ಯಂತ್ರ ನಿಲ್ಲಿಸಿದಾಗ ಜಿಪಿಯು ಬಾಡಿಗೆ ನಿಲ್ಲುತ್ತದೆ, ಡಿಸ್ಕ್ ಮತ್ತು ಇಮೇಜ್‌ನ ಬಾಡಿಗೆ ನಡೆಯುತ್ತಲೇ ಇರುತ್ತದೆ. ತಿಂಗಳಿಗೊಮ್ಮೆ ಬೇಡದ್ದನ್ನು ಅಳಿಸಿ.

ಅವತ್ತು ಮಧ್ಯಾಹ್ನದ ಹೊತ್ತಿಗೆ ವಿಸ್ಪರ್‌ನ ದೊಡ್ಡ ಮಾಡೆಲ್ ಕಾರ್ಡ್ ಮೇಲೆ ಏರಿತು. ಅದಕ್ಕೆ ಸುಮಾರು 10 ಜಿಬಿ ಮೆಮೊರಿ ಬೇಕು, ಟಿ4ನಲ್ಲಿ ಹಿಡಿಸುತ್ತದೆ. ಬೀಸುವ ಕಲ್ಲಿನ ಗರಗರ ಸದ್ದಿನ ನಡುವೆ ಅಜ್ಜಿಯ ದನಿ, ಅದರ ಕೆಳಗೆ ಒಂದೊಂದೇ ಸಾಲು ಮೂಡತೊಡಗಿತು. ಬಾಗಲಕೋಟೆಯ ಮಾತು ಮಾಡೆಲ್‌ಗೆ ಎಷ್ಟೋ ಕಡೆ ತಿಳಿದಿರಲಿಲ್ಲ. ಹುಡುಗ ಊರಿಗೆ ಫೋನ್ ಹಚ್ಚಿ, ಸ್ಪೀಕರ್ ಆನ್ ಮಾಡಿ, "ಆಯಿ, ಈ ಸಾಲು ಇನ್ನೊಮ್ಮೆ ಹೇಳ" ಅನ್ನುತ್ತಾ ತಿದ್ದುತ್ತಾ ಕೂತ.